ಎಂಜಿನಿಯರಿಂಗ್ ಓದಿದವರು ವಿಶ್ವ ವ್ಯಾಪಾರ ಸಂಸ್ಥೆಯ ಮುಖ್ಯಸ್ಥರಾಗಬಹುದೇ?

ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದೇನೆ, ರಾಜತಾಂತ್ರಿಕನಾಗುವ ಆಸೆಗೆ ತಡವಾಯಿತೇ ಎಂದು ಕೇಳಿದ್ದೀರಿ. ಖಂಡಿತ ಇಲ್ಲ. ಬ್ರೆಜಿಲ್‌ನ ರೊಬೆರ್ಟೊ ಅಜೆವೆಡೊ ಓದಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್. 1984ರಲ್ಲಿ ವಿದೇಶಾಂಗ ಸೇವೆಗೆ ಸೇರಿದರು. 2013ರಲ್ಲಿ ಒಂಬತ್ತು ಅಭ್ಯರ್ಥಿಗಳ ನಡುವೆ ಆಯ್ಕೆಯಾಗಿ ವಿಶ್ವ ವ್ಯಾಪಾರ ಸಂಸ್ಥೆಯ ಮಹಾನಿರ್ದೇಶಕರಾದರು.

ಆದರೆ ಅವರನ್ನು ಬೆಳೆಸಿದ್ದು ಪದವಿಯಲ್ಲ, ಹತ್ತಿ. ತನ್ನ ಹತ್ತಿ ಬೆಳೆಗಾರರಿಗೆ ಅಮೆರಿಕ ಕೊಡುತ್ತಿದ್ದ ಸಬ್ಸಿಡಿಯ ವಿರುದ್ಧ ಬ್ರೆಜಿಲ್ 2002ರಲ್ಲಿ ಇದೇ ಸಂಸ್ಥೆಗೆ ದೂರು ಕೊಟ್ಟಿತು. ಆ ವ್ಯಾಜ್ಯದ ಮುಂಚೂಣಿಯಲ್ಲಿದ್ದವರು ಅಜೆವೆಡೊ. ಬ್ರೆಜಿಲ್ ಗೆದ್ದಿತು. ಅಮೆರಿಕ ಸಬ್ಸಿಡಿ ಬಿಡಲು ಮೀನಮೇಷ ಎಣಿಸಿತು; ಕಡೆಗೆ 2014ರಲ್ಲಿ 30 ಕೋಟಿ ಡಾಲರ್ ಕೊಟ್ಟು ಕೈತೊಳೆದುಕೊಂಡಿತು. ಒಪ್ಪಂದದ ಒಂದೊಂದು ಸಾಲನ್ನೂ ಹಿಡಿದು ವರ್ಷಗಟ್ಟಲೆ ವಾದಿಸುವ ಈ ಕೆಲಸದಲ್ಲಿ ಎಂಜಿನಿಯರ್‌ನ ತಾಳ್ಮೆ ನೆರವಾಗಿರಬೇಕು ಎಂಬುದು ನನ್ನ ಊಹೆ.

ಇನ್ನು, ಆ ಕುರ್ಚಿಯ ಬಗ್ಗೆ ಭ್ರಮೆ ಬೇಡ. ಅಲ್ಲಿ ತೀರ್ಮಾನಗಳು ಒಮ್ಮತದಿಂದಲೇ ಆಗುವುದು ರೂಢಿ; ಒಂದು ದೇಶ ಬೇಡವೆಂದರೂ ಕೆಲಸ ನಿಲ್ಲುತ್ತದೆ. ಅಜೆವೆಡೊ ಬಂದ ಕೆಲವೇ ತಿಂಗಳಲ್ಲಿ, 2013ರ ಡಿಸೆಂಬರ್‌ನಲ್ಲಿ, ಬಾಲಿಯಲ್ಲಿ ವ್ಯಾಪಾರ ಸುಗಮಗೊಳಿಸುವ ಒಪ್ಪಂದ ಕುದುರಿತು. ಕಸ್ಟಮ್ಸ್ ಕಾಗದಪತ್ರಗಳ ಕಿರಿಕಿರಿ ತಗ್ಗಿಸುವ ಒಪ್ಪಂದವದು. ಮುಂದಿನ ಜುಲೈನಲ್ಲಿ ಅದನ್ನು ತಡೆದದ್ದು ಯಾರು? ನಾವೇ! ಪಡಿತರಕ್ಕಾಗಿ ಬೆಂಬಲ ಬೆಲೆಯಲ್ಲಿ ಧಾನ್ಯ ಕೊಂಡು ದಾಸ್ತಾನು ಮಾಡುವ ನಮ್ಮ ಪದ್ಧತಿಗೆ ಗಟ್ಟಿ ರಕ್ಷಣೆ ಬೇಕೆಂದು ಭಾರತ ಪಟ್ಟುಹಿಡಿಯಿತು. ನವೆಂಬರ್‌ನಲ್ಲಿ ಅಮೆರಿಕದೊಂದಿಗೆ ಮಾತು ಕೂಡಿದ ಮೇಲೆಯೇ ಗಂಟು ಬಿಚ್ಚಿದ್ದು. ಒಪ್ಪಂದ ಜಾರಿಗೆ ಬಂದಾಗ 2017.

ದೇಶಗಳ ವ್ಯಾಪಾರ ವ್ಯಾಜ್ಯಗಳ ಮೇಲ್ಮನವಿ ಕೇಳುವುದು ಸಂಸ್ಥೆಯ ಮೇಲ್ಮನವಿ ಮಂಡಳಿ. ಅದಕ್ಕೆ ಹೊಸ ಸದಸ್ಯರ ನೇಮಕವನ್ನು ಅಮೆರಿಕ ತಡೆಯುತ್ತಲೇ ಬಂದು, 2019ರ ಕೊನೆಗೆ ಅದು ನಿಷ್ಕ್ರಿಯವಾಯಿತು. ವ್ಯಾಜ್ಯದಿಂದಲೇ ಹೆಸರು ಮಾಡಿದವರ ಕಣ್ಣೆದುರಿಗೇ ನ್ಯಾಯದ ಕಟ್ಟೆ ಖಾಲಿಯಾಯಿತು. 2020ರ ಆಗಸ್ಟ್‌ನಲ್ಲಿ, ಅವಧಿ ಮುಗಿಯಲು ಒಂದು ವರ್ಷವಿರುವಾಗಲೇ, ಅಜೆವೆಡೊ ಹುದ್ದೆ ಬಿಟ್ಟು ಪೆಪ್ಸಿಕೋ ಸೇರಿದರು.

ನಿಮಗೆ ಬೇಕಾದ ಮಾಹಿತಿ ಇನ್ನೊಂದಿದೆ. ಈ ಸಂಸ್ಥೆಯಲ್ಲಿ ಭಾರತದ ರಾಯಭಾರಿಗಳಾಗಿ ಹೋದವರು ಹೆಚ್ಚಾಗಿ ಐಎಎಸ್ ಅಧಿಕಾರಿಗಳು, ಏಕೆಂದರೆ ವ್ಯಾಪಾರ ಮಾತುಕತೆ ನಮ್ಮಲ್ಲಿ ವಾಣಿಜ್ಯ ಸಚಿವಾಲಯದ ಕೆಲಸ. ಯುಪಿಎಸ್‌ಸಿ ಅರ್ಜಿಯಲ್ಲಿ ಸೇವೆಗಳ ಆದ್ಯತೆ ಬರೆಯುವಾಗ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.