ಕಾಫಿಗೆ ಮಾತ್ರೆ ಬೆರೆಸಲೇ?

ಪ್ರಶ್ನೆ: ನಾನು ತರೀಕೆರೆ ಕಡೆಯವಳು, 36 ವರ್ಷ. ಯಜಮಾನರದು ಹಾರ್ಡ್‌ವೇರ್ ಅಂಗಡಿ. ಆರು ವರ್ಷದಿಂದ ದಿನಾ ಎರಡು ಕ್ವಾರ್ಟರ್ ಬೇಕಿತ್ತು. 28 ದಿನ ಡಿ-ಅಡಿಕ್ಷನ್ ಸೆಂಟರಿನಲ್ಲಿದ್ದು ಮನೆಗೆ ಬಂದು ಹನ್ನೆರಡು ದಿನ ಆಯಿತು, ಇನ್ನೂ ಮುಟ್ಟಿಲ್ಲ. ಅತ್ತೆ ಯಾರಿಂದಲೋ ಕುಡಿತ ಬಿಡಿಸುವ ಮಾತ್ರೆ ತಂದಿದ್ದಾರೆ, ಗೊತ್ತಾಗದ ಹಾಗೆ ಕಾಫಿಗೆ ಬೆರೆಸು ಅನ್ನುತ್ತಾರೆ. ನಾನು ದಿನಾ ಸಂಜೆ ಅವರ ಬಾಯಿ ವಾಸನೆ ನೋಡುತ್ತೇನೆ, ಅದಕ್ಕೇ ಜಗಳ. ಹನ್ನೊಂದು ವರ್ಷದ ಮಗನನ್ನು ಅಂಗಡಿಗೆ ಕಳಿಸಿ ನೋಡಿಕೊಂಡು ಬಾ ಅನ್ನುತ್ತೇನೆ. ಮುಂದಿನ ತಿಂಗಳು ನಾದಿನಿ ಮನೆ ಗೃಹಪ್ರವೇಶ, ಸಂಜೆ ಪಾರ್ಟಿ ಇದ್ದೇ ಇರುತ್ತದೆ. ಕುಡಿದರೆ ಮತ್ತೆ ಸೆಂಟರಿಗೇ ಹಾಕುತ್ತೇನೆ ಎಂದು ಹೆದರಿಸಿದ್ದೇನೆ. ಮಾತ್ರೆ ಬೆರೆಸಲೇ? ಇನ್ನೆಷ್ಟು ದಿನ ಹೀಗೆ ಕಾಯುವುದು?

ಉತ್ತರ: ಬೆರೆಸಬೇಡಿ. ಅದಕ್ಕಿಂತ ಮೊದಲು ಅತ್ತೆಯನ್ನು ಇವತ್ತೇ ಒಂದು ಮಾತು ಕೇಳಿ: ಈಗಾಗಲೇ ಬೆರೆಸಲು ಶುರು ಮಾಡಿದ್ದಾರೆಯೇ, ಎಷ್ಟು ದಿನದಿಂದ? ಹೌದು ಅಂದರೆ ಇವತ್ತೇ ಯಜಮಾನರಿಗೆ ಹೇಳಿಬಿಡಿ, ಆ ಮಾತ್ರೆಯನ್ನು ಹಾಳೆ (ಸ್ಟ್ರಿಪ್) ಸಮೇತ ವೈದ್ಯರಿಗೆ ತೋರಿಸಿ. ಹೆಸರಿಲ್ಲದ ಪುಡಿಯಾಗಿದ್ದರಂತೂ ಅದರಲ್ಲಿ ಏನಿದೆಯೆಂದು ಕೊಟ್ಟವರಿಗೂ ಗೊತ್ತಿರುವುದಿಲ್ಲ.

ಹೀಗೆ ಕೈಯಿಂದ ಕೈಗೆ ಬರುವ ಮಾತ್ರೆ ಸಾಮಾನ್ಯವಾಗಿ ಡೈಸಲ್ಫಿರಾಮ್. ಇದು ಕುಡಿಯುವ ಆಸೆಯನ್ನು ಕಡಿಮೆ ಮಾಡುವುದಿಲ್ಲ. ಮದ್ಯ ದೇಹದಲ್ಲಿ ಒಡೆಯುವುದನ್ನು ಅರ್ಧ ದಾರಿಯಲ್ಲಿ ತಡೆಯುತ್ತದೆ, ಅಸಿಟಾಲ್ಡಿಹೈಡ್ ಎಂಬ ವಿಷ ರಕ್ತದಲ್ಲಿ ಸೇರಿಕೊಳ್ಳುತ್ತದೆ. ಕುಡಿದ ಹತ್ತು ಇಪ್ಪತ್ತು ನಿಮಿಷದಲ್ಲಿ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ಬಿಪಿ ಇಳಿಯುತ್ತದೆ. ಮಾತ್ರೆ ನುಂಗಿದ್ದು ಗೊತ್ತಿರುವವನು ಗ್ಲಾಸು ಮುಟ್ಟುವ ಮೊದಲು ಯೋಚಿಸುತ್ತಾನೆ. ಗೊತ್ತಿಲ್ಲದವನು ಇಡೀ ಕ್ವಾರ್ಟರ್ ಏರಿಸಿ ಬಾರಿನ ಹೊರಗೆ ಕುಸಿಯುತ್ತಾನೆ. ಹೃದಯ, ಲಿವರ್ ಮೊದಲೇ ಸೋತಿದ್ದರೆ ಜೀವವೇ ಹೋಗಬಹುದು. ಅದಕ್ಕೇ ವೈದ್ಯರು ಲಿವರ್, ಹೃದಯ, ಬಿಪಿ ಎಲ್ಲ ನೋಡಿ, ರೋಗಿಯಿಂದ ಒಪ್ಪಿಗೆ ಪಡೆದು, ಕೊನೆಯ ಪೆಗ್ಗಿನಿಂದ ಕನಿಷ್ಠ 12 ಗಂಟೆ ಕಳೆದ ಮೇಲೆ ಇದನ್ನು ಶುರು ಮಾಡುವುದು. ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಪರಿಣಾಮ ಉಳಿಯಬಹುದು.

ಇದೇ ಮಾತ್ರೆಯನ್ನು ಅವರು ಒಪ್ಪಿ, ವೈದ್ಯರು ಬರೆದುಕೊಟ್ಟು, ನಿಮ್ಮ ಎದುರಿಗೇ ನುಂಗಿದರೆ ಕಥೆ ಬೇರೆ. ಬೆಳಿಗ್ಗೆ ತಿಂಡಿ ಆದ ಮೇಲೆ ಅವರೇ ಹಾಳೆಯಿಂದ ಬಿಡಿಸಿಕೊಂಡು ನೀರು ಕುಡಿಯಲಿ, ನೀವು ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಗುರುತು ಹಾಕಿ. ಭಾಷಣ ಬೇಡ. ಮದ್ಯಸಾರ ಬಾಟಲಿಯಲ್ಲಿ ಮಾತ್ರ ಇರುವುದಿಲ್ಲ ಎನ್ನುವುದು ಇಬ್ಬರಿಗೂ ಗೊತ್ತಿರಲಿ. ದಶಮೂಲಾರಿಷ್ಟದಂಥ ಅರಿಷ್ಟ, ಆಸವಗಳಲ್ಲಿ, ಕೆಲವು ಕೆಮ್ಮಿನ ಸಿರಪ್ಪಿನಲ್ಲಿ, ಆಫ್ಟರ್‌ಶೇವ್‌ನಲ್ಲಿ, ಸ್ಯಾನಿಟೈಸರಿನಲ್ಲಿ ಇರುತ್ತದೆ. ಹಲ್ಲುನೋವಿಗೋ ಭೇದಿಗೋ ಹೋದಾಗ ಈ ಮಾತ್ರೆ ತೆಗೆದುಕೊಳ್ಳುತ್ತಿರುವುದನ್ನು ಹೇಳಲೇಬೇಕು. ಅಲ್ಲಿ ಧಾರಾಳವಾಗಿ ಬರೆದುಕೊಡುವ ಮೆಟ್ರೊನಿಡಜೋಲ್ ಇದರ ಜೊತೆ ಸೇರಿದರೆ ಬುದ್ಧಿ ಭ್ರಮಣೆಯಾಗುವುದುಂಟು. ಇದು ಬೇಡ ಅನಿಸಿದರೆ ಆಸೆಯನ್ನೇ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಇವೆ. ಯಾವುದು ಹೊಂದುತ್ತದೆ ಎನ್ನುವುದು ಲಿವರ್, ಕಿಡ್ನಿ ಪರೀಕ್ಷೆ ನೋಡಿ ತೀರ್ಮಾನಿಸುವ ವಿಷಯ.

ಈಗ ಕಾಯುವ ಮಾತು. ಮರಳಿ ಕುಡಿಯುವುದು ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲೇ, ನಿಮ್ಮದು ಇನ್ನೂ ಹನ್ನೆರಡನೆಯ ದಿನ. ಸೆಂಟರಿನ 28 ದಿನದಲ್ಲಿ ಬಾಟಲಿಯೂ ಇರಲಿಲ್ಲ, ಅಂಗಡಿಯ ಉದ್ರಿ ಲೆಕ್ಕವೂ ಇರಲಿಲ್ಲ. ನಿಜವಾದ ಪರೀಕ್ಷೆ ಶಟರ್ ಎಳೆದ ಮೇಲಿನ ಅರ್ಧ ಗಂಟೆ. ಹೊಟ್ಟೆ ಖಾಲಿ, ಮೈ ಸುಸ್ತು, ಜೇಬಿನಲ್ಲಿ ದಿನದ ಕಲೆಕ್ಷನ್, ಮನೆ ದಾರಿಯಲ್ಲೇ ಹಳೇ ಬಾರು. ಆಸೆ ಅಲೆಯ ಹಾಗೆ ಏರಿ, ಸಾಮಾನ್ಯವಾಗಿ ಇಪ್ಪತ್ತು ಮೂವತ್ತು ನಿಮಿಷದಲ್ಲಿ ಇಳಿಯುತ್ತದೆ. ಆದ್ದರಿಂದ ಐದೂವರೆಗೇ ಅಂಗಡಿಗೆ ಏನಾದರೂ ಗಟ್ಟಿ ತಿಂಡಿ ಹೋಗಲಿ, ರೊಟ್ಟಿಯೋ ಉಪ್ಪಿಟ್ಟೋ. ನಗದು ಸಂಜೆಗೆ ಮೊದಲೇ ಬ್ಯಾಂಕಿಗೋ ಮನೆಗೋ ಸೇರಲಿ. ಇದನ್ನು ಅವರೇ ಒಪ್ಪಿ ಮಾಡಬೇಕು, ಎಟಿಎಂ ಕಾರ್ಡ್ ಕಿತ್ತುಕೊಂಡರೆ ಸಾಲ ಹುಟ್ಟುತ್ತದೆ ಅಷ್ಟೇ. ಮನೆಗೆ ಬರುವ ದಾರಿ ಬದಲಾಗಲಿ, ಎರಡು ಕಿಲೋಮೀಟರ್ ಸುತ್ತಾದರೂ ಸರಿ. ಸಿಹಿ ಬೇಕು ಬೇಕು ಅನ್ನುತ್ತಾರೆ, ಸಕ್ಕರೆ ಕಾಯಿಲೆ ಇಲ್ಲದಿದ್ದರೆ ಸದ್ಯಕ್ಕೆ ಬಿಡಿ. ನಿದ್ದೆ ಮಾತ್ರ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಕೆಟ್ಟಿರುತ್ತದೆ. ಅದಕ್ಕೆಂದು ಮೆಡಿಕಲ್ ಶಾಪಿನಿಂದ ನಿದ್ದೆ ಮಾತ್ರೆ ತಂದರೆ ಒಂದು ಚಟ ಹೋಗಿ ಇನ್ನೊಂದು ಬಂತು ಅಂತಲೇ ಲೆಕ್ಕ.

ಬಾಯಿ ವಾಸನೆ ನೋಡುವುದನ್ನು ಇವತ್ತಿಗೆ ಬಿಡಿ. ಕುಡಿದಿದ್ದರೆ ನಿಮಗೆ ಹೇಗೂ ತಿಳಿಯುತ್ತದೆ. ಕುಡಿಯದೆ ಬಂದ ದಿನವೂ ಕಳ್ಳನ ಹಾಗೆ ನಿಲ್ಲಿಸಿದರೆ, ‘ಹೇಗಿದ್ದರೂ ನಂಬಲ್ಲ, ಕುಡಿದರೇನು’ ಎನ್ನುವ ನೆಪ ನೀವೇ ಕೈಗೆ ಕೊಟ್ಟಂತೆ. ಅದರ ಬದಲು ದಿನಕ್ಕೆ ಐದು ನಿಮಿಷ, ಒಂದೇ ಹೊತ್ತಿಗೆ, ಇಬ್ಬರೂ ಕೂತು ಮಾತಾಡಿ. ‘ನಿನ್ನೆ ಕುಡಿದಿಲ್ಲ, ಇವತ್ತೂ ಕುಡಿಯಲ್ಲ’ ಎಂದು ಅವರು, ‘ಒಳ್ಳೇದಾಯ್ತು’ ಎಂದು ನೀವು. ಹಳೇ ಪುರಾಣ, ಮುಂದಿನ ಭಯ ಎರಡನ್ನೂ ಆ ಐದು ನಿಮಿಷದಲ್ಲಿ ತೆಗೆಯಬಾರದು. ಶುರುವಿನಲ್ಲಿ ನಾಟಕ ಅನಿಸುತ್ತದೆ, ಅನಿಸಲಿ. ಗಂಡ ಹೆಂಡಿರ ಆಪ್ತಸಮಾಲೋಚನೆಯಲ್ಲಿ ಇದನ್ನೇ ಅಭ್ಯಾಸ ಮಾಡಿಸುತ್ತಾರೆ.

ಒಂದು ವೇಳೆ ಸ್ಲಿಪ್ ಆದರೆ, ಅಂದರೆ ಮತ್ತೆ ಕುಡಿದುಬಿಟ್ಟರೆ? ಅಮಲಿನಲ್ಲಿದ್ದಾಗ ವಾದ ಬೇಡ, ಬೆಳಿಗ್ಗೆ ಮಾತಾಡಿ, ಅದೇ ದಿನ ವೈದ್ಯರಿಗೆ ಫೋನ್ ಮಾಡಿ. ಒಂದು ದಿನದ ಸ್ಲಿಪ್ಪಿಗಿಂತ ಅಪಾಯದ್ದು, ಹತ್ತು ಹದಿನೈದು ದಿನ ಸತತ ಕುಡಿದು ದಿಢೀರನೆ ನಿಲ್ಲಿಸುವುದು. ದಿನಕ್ಕೆ ಎರಡು ಕ್ವಾರ್ಟರ್ ಅಂದರೆ 360 ಎಂಎಲ್, ಅದರಲ್ಲಿ ಶುದ್ಧ ಮದ್ಯಸಾರವೇ ಸುಮಾರು 120 ಗ್ರಾಂ. ಅಷ್ಟಕ್ಕೆ ಒಗ್ಗಿದ ಮಿದುಳಿಗೆ ಅದು ಸಿಗದಿದ್ದರೆ 6ರಿಂದ 12 ಗಂಟೆಯಲ್ಲಿ ಕೈ ನಡುಕ, ಬೆವರು. 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ಇಲ್ಲದ್ದು ಕಾಣುವುದು, ದಿಕ್ಕು ತಪ್ಪಿ ಮಾತಾಡುವುದು ಶುರುವಾಗಬಹುದು. ಇದನ್ನು ದೆವ್ವ ಅಂದುಕೊಂಡು ತಾಯಿತ ಕಟ್ಟಿಸುವವರೂ ಇದ್ದಾರೆ, ರೂಮಿಗೆ ಬೀಗ ಹಾಕಿ ಮಜ್ಜಿಗೆ ಕುಡಿಸುವವರೂ ಇದ್ದಾರೆ. 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಿರಿ, ‘ಇವರು ದಿನಾ ಕುಡಿಯುವವರು’ ಎಂದು ಮೊದಲೇ ಹೇಳಿ. ಮರ್ಯಾದೆಗೆ ಅಂಜಿ ಮುಚ್ಚಿಟ್ಟರೆ ಬರೀ ಗ್ಲೂಕೋಸ್ ಡ್ರಿಪ್ ಏರಿಸಿಬಿಡಬಹುದು. ಇಂಥವರಿಗೆ ಗ್ಲೂಕೋಸಿಗೆ ಮೊದಲು ಥಯಾಮಿನ್, ಅಂದರೆ ಬಿ1 ಇಂಜೆಕ್ಷನ್ ಬೇಕು, ಇಲ್ಲದಿದ್ದರೆ ಮಿದುಳಿಗೆ ಪೆಟ್ಟು.

ಸೆಂಟರಿಗೆ ಹಾಕುತ್ತೇನೆ ಎನ್ನುವ ಬೆದರಿಕೆ ನಿಲ್ಲಿಸಿ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಕುಡಿತದ ಕಾಯಿಲೆಗೂ ಅನ್ವಯಿಸುತ್ತದೆ. ಒಪ್ಪಿಗೆ ಇಲ್ಲದೆ ದಾಖಲಿಸಬೇಕಾದರೆ ಒಬ್ಬ ಮನೋವೈದ್ಯರು, ಜೊತೆಗೆ ಇನ್ನೊಬ್ಬ ಮಾನಸಿಕ ಆರೋಗ್ಯ ತಜ್ಞರು ಇಲ್ಲವೇ ವೈದ್ಯರು ಬೇರೆ ಬೇರೆಯಾಗಿ ಪರೀಕ್ಷಿಸಿ ಅಗತ್ಯ ಎನ್ನಬೇಕು, ಮೊದಲಿಗೆ 30 ದಿನ ಮಿತಿ, ದಾಖಲಾದವರು ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ದೂರು ಕೊಡಬಹುದು. ರಾತ್ರಿ ವ್ಯಾನ್ ತಂದು ಎತ್ತಿಕೊಂಡು ಹೋಗುತ್ತೇವೆ ಎನ್ನುವ ಕಡೆ ನೋಂದಣಿ ಪತ್ರ ಕೇಳಿ ನೋಡಿ, ಮಾತು ಬದಲಾಗುತ್ತದೆ. ನೀವು ನಡೆಸಬಲ್ಲ ಷರತ್ತನ್ನಷ್ಟೇ ಹೇಳಿ: ಬಾರಿನ ಸಾಲ ನಾನು ತೀರಿಸುವುದಿಲ್ಲ, ಗಿರಾಕಿಗಳಿಗೆ ‘ಅವರಿಗೆ ಜ್ವರ’ ಎಂದು ಸುಳ್ಳು ಹೇಳುವುದಿಲ್ಲ, ಕುಡಿದಿದ್ದರೆ ಮಗನನ್ನು ಬೈಕಿಗೆ ಹತ್ತಿಸುವುದಿಲ್ಲ.

ಗೃಹಪ್ರವೇಶಕ್ಕೆ ಹೋಗಿ. ಪೂಜೆ, ಊಟ ಮುಗಿಸಿ ನಾಲ್ಕಕ್ಕೆ ಹೊರಟುಬಿಡಿ, ಸಂಜೆಯದು ನಿಮಗಲ್ಲ. ನಾದಿನಿಗೆ ಮೊದಲೇ ಹೇಳಿಡಿ. ‘ಒಂದು ಪೆಗ್ಗಿಗೆ ಏನಾಗುತ್ತೆ’ ಎನ್ನುವ ಭಾವ ಒಬ್ಬ ಎಲ್ಲ ಮನೆಯಲ್ಲೂ ಇರುತ್ತಾನೆ. ‘ಬೇಡ, ಬಿಟ್ಟಿದೀನಿ’ ಎಂಬ ಎರಡೇ ಪದ ಸಾಕು, ಕಾರಣ ಕೊಟ್ಟರೆ ಚರ್ಚೆ ಬೆಳೆಯುತ್ತದೆ.

ಮುಂದಿನ ಚಿಕಿತ್ಸೆಗೆ ಬೆಂಗಳೂರಿಗೇ ಓಡಬೇಕಿಲ್ಲ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ, ನಿಮ್ಮಲ್ಲಿ ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲೇ ವಿಚಾರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ಉಚಿತ. ಯಜಮಾನರಿಗೆ ಕುಡಿತ ಬಿಡುವವರದೇ ಆದ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆ, ನಿಮಗೆ ಕುಟುಂಬದವರದೇ ಆದ ಅಲ್-ಅನಾನ್. ಧರ್ಮಸ್ಥಳ ಯೋಜನೆಯ ಎಂಟು ದಿನದ ಮದ್ಯವರ್ಜನ ಶಿಬಿರ ಮುಗಿಸಿದವರ ನವಜೀವನ ಸಮಿತಿ ಪಕ್ಕದಲ್ಲಿದ್ದರೆ ಅದನ್ನೂ ವಿಚಾರಿಸಿ.

ಮಗನನ್ನು ಮಾತ್ರ ನಾಳೆಯಿಂದ ಅಂಗಡಿಗೆ ಕಳಿಸಬೇಡಿ. ಅಪ್ಪನದು ಕಾಯಿಲೆ, ಅದು ನಿನ್ನಿಂದ ಬಂದದ್ದಲ್ಲ, ಕಾಯುವ ಕೆಲಸ ನಿನ್ನದಲ್ಲ ಎಂದು ಬಾಯಿ ಬಿಟ್ಟು ಹೇಳಿ. ಸಂಜೆ ಆರಕ್ಕೆ ಅವನು ಕ್ರಿಕೆಟ್ ಆಡಿಕೊಂಡಿರಲಿ.