ಹಾಕಿ ಕ್ಲಬ್: ಹಿರಿಯರು ಯಾರು, ಗೆದ್ದವರು ಯಾರು?

ಪ್ರಶ್ನೆ: ಜಗತ್ತಿನ ಮೊದಲ ಹಾಕಿ ಕ್ಲಬ್ ಬ್ಲ್ಯಾಕ್‌ಹೀತ್ ಎಂದು ಒಂದು ಕಡೆ ಓದಿದೆ, ಟೆಡಿಂಗ್ಟನ್ ಎಂದು ಇನ್ನೊಂದು ಕಡೆ. ಯಾವುದು ಸರಿ?

ಉತ್ತರ: ಎರಡೂ ಲಂಡನ್ನಿನ ಕ್ಲಬ್‌ಗಳೇ. ವಯಸ್ಸಿನಲ್ಲಿ ಹಿರಿಯದು ಬ್ಲ್ಯಾಕ್‌ಹೀತ್. ಅದರ 1861ರ ನಡಾವಳಿ ಪುಸ್ತಕ ಉಳಿದುಬಂದಿದೆ. ಕ್ಲಬ್ ಅದಕ್ಕೂ ಮುಂಚಿನಿಂದ ಇದ್ದಿರಬೇಕು ಎಂಬ ಊಹೆಗೆ ಅದೇ ಆಧಾರ. ಹಾಗಾಗಿಯೇ 1840, 1849 ಎಂಬ ಇಸವಿಗಳೂ ಅಲ್ಲಲ್ಲಿ ಅಚ್ಚಾಗಿವೆ. ಕಾಗದದ ಬಲ ಇರುವುದು ಮಾತ್ರ 1861ಕ್ಕೆ.

ಆದರೆ ಬ್ಲ್ಯಾಕ್‌ಹೀತ್‌ನವರು ಆಡುತ್ತಿದ್ದುದನ್ನು ಇಂದಿನವರು ನೋಡಿದ್ದರೆ ಹಾಕಿ ಎಂದು ಗುರುತು ಹಿಡಿಯುವುದೇ ಕಷ್ಟವಾಗುತ್ತಿತ್ತು. ಚೆಂಡಿನ ಬದಲು ಗಟ್ಟಿ ರಬ್ಬರಿನ ಘನಾಕಾರದ ತುಂಡು, ಇನ್ನೂರು ಮೀಟರಿಗೂ ಉದ್ದದ ಬಯಲು, ತಳ್ಳಾಟ, ನೂಕುನುಗ್ಗಲು. ಮೂಲೆಗಳಿರುವ ತುಂಡು ನೆಲಕ್ಕೆ ಬಡಿದರೆ ಯಾವ ಕಡೆಗೆ ಪುಟಿಯುತ್ತದೋ ಹೇಳಲಾಗದು. ಅಂಥದ್ದರಲ್ಲಿ ನಿಖರವಾದ ಪಾಸ್ ಎಲ್ಲಿಂದ ಬರಬೇಕು?

1871ರಲ್ಲಿ ಟೆಡಿಂಗ್ಟನ್ನಿನ ಕ್ರಿಕೆಟಿಗರು ಚಳಿಗಾಲಕ್ಕೊಂದು ಆಟ ಬೇಕೆಂದು ಹಾಕಿ ಕೈಗೆತ್ತಿಕೊಂಡರು. ಅವರಿಗೆ ಸಮತಟ್ಟಾದ ಹುಲ್ಲುನೆಲವಿತ್ತು, ಕೈಯಲ್ಲಿ ಕ್ರಿಕೆಟ್ ಚೆಂಡಿತ್ತು. ದುಂಡನೆಯ ಚೆಂಡು ನೇರವಾಗಿ ಉರುಳಿತು. ನಿಲ್ಲಿಸುವುದು, ಹೊರಳಿಸುವುದು, ಜೊತೆಗಾರನಿಗೆ ಕೊಡುವುದು ಸಾಧ್ಯವಾಯಿತು. ಜೊತೆಗೆ ಅಪಾಯವೂ ಹೆಚ್ಚಿತು. ಗಟ್ಟಿ ಚೆಂಡನ್ನು ದೂರದಿಂದ ಗೋಲಿನತ್ತ ಬೀಸಿದರೆ ಮಧ್ಯದಲ್ಲಿದ್ದವರ ಗತಿ? ಅದಕ್ಕೆ ಎರಡು ಕಟ್ಟುಪಾಡು ಬಂದವು: ಸ್ಟಿಕ್ ಭುಜಕ್ಕಿಂತ ಮೇಲೇಳಬಾರದು, ಗೋಲಿನ ಹತ್ತಿರ ಗೊತ್ತುಮಾಡಿದ ವಲಯದ ಒಳಗಿನಿಂದ ಹೊಡೆದರೆ ಮಾತ್ರ ಗೋಲು. ಇಂದಿನ ‘ಡಿ’ ಹುಟ್ಟಿದ್ದು ಹೀಗೆ.

1886ರಲ್ಲಿ ಲಂಡನ್ನಿನಲ್ಲಿ ಹಾಕಿ ಅಸೋಸಿಯೇಷನ್ ಸ್ಥಾಪನೆಯಾದಾಗ ಒಪ್ಪಿಗೆಯಾದದ್ದು ಈ ಮಾದರಿಯೇ. ಬ್ಲ್ಯಾಕ್‌ಹೀತ್ ತನ್ನ ಆಟ ಬಿಡಲೊಪ್ಪದೆ 1887ರ ನ್ಯಾಷನಲ್ ಹಾಕಿ ಯೂನಿಯನ್ ಕಡೆ ನಿಂತಿತು. ಆ ಯೂನಿಯನ್ 1895ಕ್ಕೆ ಮುಗಿಯಿತು. ನಮ್ಮನ್ನು ಕೇಳಿದರೆ ಹಿರಿತನ ಬ್ಲ್ಯಾಕ್‌ಹೀತ್‌ನದು, ಈಗಿನ ಆಟ ಟೆಡಿಂಗ್ಟನ್ನಿನದು.

ಪ್ರಶ್ನೆ: ‘ಡಿ’ಯ ಅಳತೆ 14.63 ಮೀಟರ್ ಎನ್ನುತ್ತಾರೆ. ಇಂಥ ವಿಚಿತ್ರ ಸಂಖ್ಯೆ ಏಕೆ?

ಉತ್ತರ: ಗಜದ ಲೆಕ್ಕವನ್ನು ಮೀಟರಿಗೆ ತಿರುಗಿಸಿದ್ದರಿಂದ. 16 ಗಜವೆಂದರೆ 14.63 ಮೀಟರ್. ಗೋಲಿನ ಅಗಲ 12 ಅಡಿ, ಅಂದರೆ 3.66 ಮೀಟರ್, ಎತ್ತರ 7 ಅಡಿ, 2.14 ಮೀಟರ್. ಮೈದಾನ 100 ಗಜಕ್ಕೆ 60 ಗಜ. ಈಗ ಅದು 91.40ಕ್ಕೆ 55 ಮೀಟರ್. ಗೆರೆ ಎಳೆಯುವವರು ಎಡವುವ ಜಾಗ ಒಂದಿದೆ. ‘ಡಿ’ ಅರ್ಧವೃತ್ತವಲ್ಲ. ಗೋಲಿನ ನಡುವೆ ಗೂಟ ಹೊಡೆದು ಹಗ್ಗ ತಿರುಗಿಸಿದರೆ ಆಕಾರ ತಪ್ಪುತ್ತದೆ. ಒಂದೊಂದು ಕಂಬದಿಂದ ಒಂದೊಂದು ಕಾಲುವೃತ್ತ ಎಳೆದು, ಎರಡನ್ನೂ ಗೋಲಿಗೆ ಸಮಾನಾಂತರವಾದ 3.66 ಮೀಟರ್ ನೇರ ಗೆರೆಯಿಂದ ಕೂಡಿಸಬೇಕು.

ಪ್ರಶ್ನೆ: ಭಾರತದಲ್ಲಿ ಕ್ಲಬ್ ಹಾಕಿ ಶುರುವಾದದ್ದು ರಾಷ್ಟ್ರೀಯ ಫೆಡರೇಷನ್ ಬಂದ ಮೇಲೆಯೇ?

ಉತ್ತರ: ಇಲ್ಲ, ಬಹಳ ಮುಂಚೆ. ಕಲ್ಕತ್ತಾದಲ್ಲಿ 1885ರ ಸುಮಾರಿಗೇ ಕ್ಲಬ್ ಇತ್ತು. ಅಲ್ಲಿನ ಬೇಟನ್ ಕಪ್ 1895ರಲ್ಲಿ, ಬಾಂಬೆಯ ಆಗಾ ಖಾನ್ ಟೂರ್ನಿ 1896ರಲ್ಲಿ ಆರಂಭವಾದವು. ಭಾರತೀಯ ಹಾಕಿ ಫೆಡರೇಷನ್ ಹುಟ್ಟಿದ್ದು 1925ರಲ್ಲಿ, ಗ್ವಾಲಿಯರ್‌ನಲ್ಲಿ.

ಪ್ರಶ್ನೆ: ಯುರೋಪಿನ ಕಪ್ಪನ್ನು ಊಲೆನ್‌ಹಾರ್ಸ್ಟ್ ಒಂಬತ್ತು ಸಲ ಗೆದ್ದಿದೆ ಎಂದು ಒಬ್ಬರು, ಮೂರೇ ಸಲ ಎಂದು ಇನ್ನೊಬ್ಬರು ಹೇಳುತ್ತಾರೆ.

ಉತ್ತರ: ಇಬ್ಬರೂ ಸರಿ. ಆದರೆ ಅವರು ಬೇರೆ ಬೇರೆ ಕ್ಲಬ್‌ಗಳ ಮಾತಾಡುತ್ತಿದ್ದಾರೆ. ಜರ್ಮನಿಯ ಮ್ಯೂಲ್‌ಹೈಮ್‌ನ ಊಲೆನ್‌ಹಾರ್ಸ್ಟ್ 1988ರಿಂದ 1996ರವರೆಗೆ ಸತತ ಒಂಬತ್ತು ವರ್ಷ ಯುರೋಪಿಯನ್ ಚಾಂಪಿಯನ್ಸ್ ಕಪ್ ಗೆದ್ದಿತು. ಹ್ಯಾಂಬರ್ಗಿನಲ್ಲಿರುವ ಅದೇ ಹೆಸರಿನ ಇನ್ನೊಂದು ಕ್ಲಬ್ 2008, 2010, 2012ರಲ್ಲಿ ಯೂರೋ ಹಾಕಿ ಲೀಗ್ ಗೆದ್ದಿತು. ಹಳೆಯ ಕಪ್ಪಿನ ಜಾಗಕ್ಕೆ ಈ ಲೀಗ್ ಬಂದದ್ದು 2007ರಲ್ಲಿ. ಇಂಗ್ಲೆಂಡಿನ ಸೌತ್‌ಗೇಟ್ 1976ರಿಂದ 1978ರವರೆಗೆ ಮೂರು ಸಲ ಗೆದ್ದದ್ದು ಹಳೆಯ ಕಪ್ಪು. ನೆದರ್ಲೆಂಡ್ಸಿನ ಬ್ಲೂಮೆಂಡಾಲ್ 2021, 2022, 2023ರಲ್ಲಿ ಗೆದ್ದದ್ದು ಹೊಸ ಲೀಗ್. ಎರಡನ್ನೂ ಒಂದೇ ಪಟ್ಟಿಗೆ ಸೇರಿಸಿದರೆ ಅಡಿಟಿಪ್ಪಣಿ ಹಾಕಲೇಬೇಕು.

ಪ್ರಶ್ನೆ: ನಮ್ಮ ಕ್ಲಬ್ಬಿನ ಸ್ಮರಣ ಸಂಚಿಕೆಗೆ ಸಾಧನೆಗಳ ಪಟ್ಟಿ ಮಾಡಬೇಕಿದೆ. ಎಲ್ಲಿಂದ ಶುರು ಮಾಡುವುದು?

ಉತ್ತರ: ಹಿರಿಯರ ನೆನಪಿನಿಂದ ಮಾತ್ರ ಬೇಡ. ಅದು ಕೊನೆಗೆ ಇರಲಿ. ಮೊದಲು ನಡಾವಳಿ ಪುಸ್ತಕ, ಆಮೇಲೆ ಲೆಕ್ಕದ ಪುಸ್ತಕ, ಅಂಪೈರ್ ಸಹಿ ಇರುವ ಪಂದ್ಯದ ಹಾಳೆ, ಆ ವಾರದ ಪತ್ರಿಕೆ. ಲೆಕ್ಕದ ಪುಸ್ತಕವನ್ನು ಯಾರೂ ತೆಗೆದು ನೋಡುವುದಿಲ್ಲ. ಟೂರ್ನಿಯ ಪ್ರವೇಶ ಶುಲ್ಕ, ಪ್ರಯಾಣದ ಖರ್ಚು ಅಲ್ಲಿ ದಿನಾಂಕ ಸಮೇತ ಸಿಗುತ್ತವೆ. ತಂಡ ಹೋಗಿತ್ತೋ ಇಲ್ಲವೋ ಎಂಬುದು ಅಲ್ಲೇ ಇತ್ಯರ್ಥ.

ಒಂದು ಪಂದ್ಯಕ್ಕೆ ಒಂದು ಸಾಲು: ಋತು, ಟೂರ್ನಿ, ಸುತ್ತು, ಎದುರಾಳಿ, ಸ್ಕೋರ್, ಮೈದಾನ, ಆಧಾರ. ‘ಆಧಾರ’ದ ಕಾಲಮ್ ಖಾಲಿಯಿದ್ದರೆ ಆ ಸಾಲು ಅಚ್ಚಿಗೆ ಹೋಗಬಾರದು. ಋತು ಎರಡು ಇಸವಿಗಳಲ್ಲಿ ಹರಡಿದ್ದರೆ 1987–88 ಎಂದೇ ಬರೆಯಿರಿ. ಇಲ್ಲದಿದ್ದರೆ ಒಂದೇ ಕಪ್ಪು ಎರಡು ವರ್ಷ ಗೆದ್ದಂತೆ ಕಾಣುತ್ತದೆ. ಇದೇ ಅತಿ ಸಾಮಾನ್ಯ ತಪ್ಪು. ಕಪ್ಪಿನ ಮೇಲಿನ ಕೆತ್ತನೆಯನ್ನೂ ಕುರುಡಾಗಿ ನಂಬಬೇಡಿ, ಎಷ್ಟೋ ಸಲ ವರ್ಷಗಳ ನಂತರ ಒಟ್ಟಿಗೆ ಕೆತ್ತಿಸಿರುತ್ತಾರೆ. ಜಂಟಿ ವಿಜೇತರಾಗಿದ್ದರೆ ಹಾಗೆಂದೇ ಬರೆಯಿರಿ. ಶೂಟೌಟ್‌ನಲ್ಲಿ ಗೆದ್ದಿದ್ದರೆ ಮೂಲ ಸ್ಕೋರನ್ನೂ ಶೂಟೌಟ್ ಸ್ಕೋರನ್ನೂ ಬೇರೆ ಬೇರೆ ಕೊಡಿ.

ಸ್ಥಾಪನೆಯ ದಿನ, ನೋಂದಣಿಯ ದಿನ, ಹಾಕಿ ಸಂಸ್ಥೆಗೆ ಸೇರ್ಪಡೆಯಾದ ದಿನ ಮೂರೂ ಬೇರೆ. ಯಾವುದನ್ನು ಹಿಡಿದಿದ್ದೀರಿ ಎಂದು ಹೇಳಿಬಿಡಿ. ಅಂತರರಾಷ್ಟ್ರೀಯ ಆಟಗಾರರ ಪಟ್ಟಿಯಲ್ಲಿ, ಆಗ ಅವರು ನಿಮ್ಮ ಸದಸ್ಯರಾಗಿದ್ದರೇ ಎಂದು ನೋಡಿ. ಬಾಲ್ಯದಲ್ಲಿ ಎರಡು ವರ್ಷ ಆಡಿಹೋದವರಿದ್ದರೆ ಅವರಿಗೆ ಪ್ರತ್ಯೇಕ ಪಟ್ಟಿ ಇರಲಿ. ಗೋಲುಗಳ ದಾಖಲೆ ಹೋಲಿಸುವಾಗ, ಹಿಂದೆ 35 ನಿಮಿಷದ ಎರಡು ಅವಧಿ, ಈಗ 15 ನಿಮಿಷದ ನಾಲ್ಕು ಎಂಬುದು ಗಮನದಲ್ಲಿರಲಿ. ಎದುರಾಳಿಯ ಗೋಲಿನ ಬಳಿ ಮುಂಚೆಯೇ ಹೋಗಿ ಚೆಂಡಿಗೆ ಕಾಯುವುದನ್ನು ತಡೆಯುವ ಆಫ್‌ಸೈಡ್ ನಿಯಮವೂ 1990ರ ದಶಕದ ಕೊನೆಯವರೆಗೆ ಇತ್ತು.