ಎರಡು ರಾತ್ರಿಗೆ ಎರಡು ಜೀನ್ಸ್ ಏಕೆ?

ಎರಡು ರಾತ್ರಿಯ ವಿಶ್ರಾಂತಿಗೆ ಹೊರಟಿದ್ದೀರಿ, ಒಂದೇ ಬೆನ್ನುಚೀಲದಲ್ಲಿ ಎರಡು ಜೀನ್ಸ್ ಹಿಡಿಸುವುದು ಹೇಗೆ ಎಂದು ಕೇಳಿದ್ದೀರಿ. ನನ್ನನ್ನು ಕೇಳಿದರೆ ಎರಡನ್ನೂ ಮನೆಯಲ್ಲೇ ಬಿಡಿ. ದಪ್ಪ ಹತ್ತಿ ನೀರನ್ನು ಒಳಗೇ ಹಿಡಿದಿಟ್ಟುಕೊಳ್ಳುತ್ತದೆ. ಮಳೆಯಲ್ಲಿ ನೆನೆದ ಜೀನ್ಸ್ ಮರುದಿನ ಬೆಳಿಗ್ಗೆಯೂ ಸೊಂಟಪಟ್ಟಿಯ ಬಳಿ, ಜೇಬಿನ ಹೊಲಿಗೆಗಳಲ್ಲಿ ತಣ್ಣಗೆ ಕೊರೆಯುತ್ತಿರುತ್ತದೆ. ತೆಳುವಾದ ನೈಲಾನ್ ಪ್ಯಾಂಟ್ ಬೇಗ ಒಣಗುತ್ತದೆ. ಅದನ್ನು ಒಗೆದು ಒಣ ಟವೆಲಿನ ಮೇಲೆ ಹರಡಿ, ಎರಡನ್ನೂ ಸೇರಿಸಿ ಚಾಪೆಯಂತೆ ಸುತ್ತಿ, ಮೊಣಕಾಲಿನಿಂದ ಒತ್ತಿ. ಹೆಚ್ಚಿನ ನೀರು ಟವೆಲಿನ ಪಾಲು. ಅಂಗಿಗೆ ಮೆರಿನೊ ಕುರಿಯ ನವಿರಾದ ಉಣ್ಣೆಯೇ ನನಗಿಷ್ಟ, ದುಬಾರಿ ನಿಜ. ಆದರೆ ಎರಡು ದಿನ ತೊಟ್ಟರೂ ಪಾಲಿಯೆಸ್ಟರಿನಂತೆ ನಾರುವುದಿಲ್ಲ. ಹೊಸ ಬೂಟು ಮಾತ್ರ ಬೇಡವೇ ಬೇಡ, ನನ್ನ ಹಿಮ್ಮಡಿಯನ್ನು ಕೇಳಿ. ಪುಸ್ತಕ ಒಂದು ಸಾಕು. ನಾನು ಪ್ರತಿ ಸಲ ಮೂರು ತುರುಕುತ್ತೇನೆ, ಒಂದೂ ಮುಗಿಯುವುದಿಲ್ಲ.